ಟೆನೆಸೀ ನದಿಯ ಕಪ್ಪೆಚಿಪ್ಪುಗಳು: ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಮಾದರಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ನಾಕ್ಸ್‌ವಿಲ್ ನಗರದ ಬಳಿ ಎರಡು ಹೊಳೆಗಳ ಸಂಗಮದಿಂದ ಹುಟ್ಟಿ, ತೆಂಕಣಕ್ಕೆ ಇಳಿದು ಅಲಬಾಮ ರಾಜ್ಯವನ್ನು ಹೊಕ್ಕು, ಅಲ್ಲಿಂದ ಮತ್ತೆ ಬಡಗಣಕ್ಕೆ ತಿರುಗಿ, ಸುಮಾರು 650 ಮೈಲಿಗಳ ಪಯಣದ ಕೊನೆಗೆ ಕೆಂಟಕಿಯ ಪಡೂಕಾ ಪಟ್ಟಣದಲ್ಲಿ ಒಹಾಯೋ ನದಿಯನ್ನು ಸೇರುವ ಟೆನೆಸೀ ನದಿಯು, ಸಿಹಿನೀರಿನ ಕಪ್ಪೆಚಿಪ್ಪುಗಳ ಅಭ್ಯಾಸಿಗಳಿಗೆ ಬೇರಾವ ನದಿಗಿಂತಲೂ ಹೆಚ್ಚಿನ ಆಸಕ್ತಿಯನ್ನು ಹುಟ್ಟಿಸಿದ ನದಿಯಾಗಿದೆ. ಉತ್ತರ ಅಮೆರಿಕದಲ್ಲಿ ಈ ಪ್ರಾಣಿಗಳ ಸುಮಾರು 300 ಪ್ರಭೇದಗಳಿವೆ. ಅವುಗಳಲ್ಲಿ ಎಪ್ಪತ್ತಕ್ಕೂ ಮಿಕ್ಕ ಪ್ರಭೇದಗಳು ಅಲಬಾಮದ ಫ್ಲಾರೆನ್ಸ್ ಪಟ್ಟಣದ ಆಸುಪಾಸಿನ ಮಸಲ್ ಶೋಲ್ಸ್ ಎಂಬ ಒಂದೇ ನದೀಭಾಗದಲ್ಲಿ ಒಟ್ಟಿಗೆ ಬಾಳುತ್ತಿದ್ದುವು. ಆ ಸಮೂಹದ ಬಹುಭಾಗವು ಇಂದು ನದಿಯಲ್ಲಿಲ್ಲ. ಪಿಟ್ಸ್‌ಬರ್ಗ್, ವಾಷಿಂಗ್ಟನ್, ಫಿಲಡೆಲ್ಫಿಯ, ಆನ್ ಆರ್ಬರ್, ಕೊಲಂಬಸ್ ಮೊದಲಾದ ನಗರಗಳ ವಸ್ತುಸಂಗ್ರಹಾಲಯಗಳ ಸೆಳೆಪೆಟ್ಟಿಗೆಗಳಲ್ಲಿ, ಹೆಸರು, ಸ್ಥಳ, ದಿನಾಂಕಗಳನ್ನು ಬರೆದ ಚಿಕ್ಕ ಚೀಟಿಗಳ ಜೊತೆಗೆ, ಅದರ ಚಿಪ್ಪುಗಳು ಉಳಿದಿವೆ. ಅವು ಹೇಗೆ ಶೇಖರವಾದುವು, ಅವುಗಳಿಂದ ತಿಳಿದುಬಂದುದೇನು, ಅವನ್ನು ಕಾಪಾಡುವ ಕ್ರಮವೇನು ಎಂಬುದು ಈ ಲೇಖನದ ವಿಷಯ.

ಕಪ್ಪೆಚಿಪ್ಪು ದ್ವಿಕವಾಟಿಗಳ ವರ್ಗಕ್ಕೆ ಸೇರಿದ ಮೃದ್ವಂಗಿ. ಬೆನ್ನಿನ ಕಡೆ ಬಿಜಾಗರಿಯಿಂದ ಕೂಡಿಕೊಂಡ ಎರಡು ಚಿಪ್ಪುಗಳ ನಡುವೆ ತನ್ನ ದೇಹವನ್ನು ಅಡಗಿಸಿಕೊಂಡು, ಮಾಂಸಲವಾದ ಒಂದು ಪಾದದಿಂದ ಮರಳು ಜಲ್ಲಿಗಳಲ್ಲಿ ಅರ್ಧ ಹೂತುಕೊಂಡು, ಕಿವಿರುಗಳ ಮೂಲಕ ನೀರನ್ನು ಹಾಯಿಸಿ ಅದರಲ್ಲಿರುವ ಸೂಕ್ಷ್ಮ ಜೀವಕಣಗಳನ್ನು ಸೋಸಿ ತಿಂದು ಬದುಕುತ್ತದೆ. ಚಿಪ್ಪಿನ ಹೊರಮೈಯಲ್ಲಿ ಕಂದು ಅಥವಾ ಹಸುರು ಬಣ್ಣದ ಸಾವಯವ ಪೊರೆ, ಅದರ ಕೆಳಗೆ ಸುಣ್ಣದ ಹರಳುಗಳ ಪದರ, ಎಲ್ಲಕ್ಕೂ ಒಳಗೆ ಬಿಳಿ, ನಸುಗೆಂಪು ಅಥವಾ ಊದಾ ಬಣ್ಣದಿಂದ ಹೊಳೆಯುವ ಮುತ್ತಿನ ಪದರ ಇರುತ್ತವೆ. ಕೆಲವು ಪ್ರಭೇದಗಳು ಹಲವು ದಶಕಗಳ ಕಾಲ, ಉತ್ತರದ ತಣ್ಣನೆಯ ಹೊಳೆಗಳ ಕೆಲವು ಪ್ರಭೇದಗಳು ನೂರು ವರ್ಷಗಳಿಗೂ ಮೀರಿ, ಬಾಳುತ್ತವೆ.

ಈ ಪ್ರಾಣಿಯ ಜೀವನಚಕ್ರವು ಪ್ರಾಣಿಶಾಸ್ತ್ರದ ಅದ್ಭುತಗಳಲ್ಲಿ ಒಂದು. ಹೆಣ್ಣು ತನ್ನ ಕಿವಿರುಗಳಲ್ಲಿಯೇ ಮೊಟ್ಟೆಗಳನ್ನು ಹೊತ್ತು, ಗ್ಲೋಕಿಡಿಯಂ ಎಂಬ, ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಡಿಂಭಗಳನ್ನು ಬೆಳೆಸುತ್ತದೆ. ಈ ಡಿಂಭಗಳು ಹೊರಬಂದ ಮೇಲೆ ಯಾವುದಾದರೊಂದು ಮೀನಿನ ಕಿವಿರಿಗೋ ಈಜುರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರಗಳ ಕಾಲ ಅದರ ಮೈಯಲ್ಲಿ ಪರೋಪಜೀವಿಗಳಾಗಿದ್ದು, ರೂಪಾಂತರ ಹೊಂದಿ, ಆ ಬಳಿಕ ತಳಕ್ಕೆ ಬಿದ್ದು ಸ್ವತಂತ್ರ ಜೀವನವನ್ನು ಆರಂಭಿಸುತ್ತವೆ. 1797ರಲ್ಲಿ ರಾಥ್ಕೆ ಎಂಬ ಪ್ರಕೃತಿಶಾಸ್ತ್ರಜ್ಞ ಈ ಡಿಂಭಗಳನ್ನು ತಾಯ ಕಿವಿರಿನಲ್ಲಿ ಕಂಡು, ಅವು ತಾಯನ್ನೇ ತಿನ್ನುವ ಬೇರೊಂದು ಪರೋಪಜೀವಿಯೆಂದು ಬಗೆದು ಗ್ಲೋಕಿಡಿಯಂ ಎಂದು ಹೆಸರಿಟ್ಟನು. ಆ ತಿಳಿವಳಿಕೆ ಬಿದ್ದುಹೋಯಿತಾದರೂ ಹೆಸರು ಮಾತ್ರ ನಿಂತಿತು. ಯಾವ ಮೀನಾದರೂ ಆದೀತೆಂದಲ್ಲ. ಅನೇಕ ಪ್ರಭೇದಗಳ ಡಿಂಭಗಳು ಒಂದೆರಡು ಬಗೆಯ ಮೀನುಗಳ ಮೇಲೆ ಮಾತ್ರ ಬೆಳೆಯಬಲ್ಲವು. ಆದುದರಿಂದ ಮೀನನ್ನು ಬಳಿಗೆ ಸೆಳೆಯುವ ಉಪಾಯಗಳು ಈ ಪ್ರಾಣಿಗಳಲ್ಲಿ ಬೆಳೆದುಬಂದಿವೆ. ಲ್ಯಾಂಪ್ಸಿಲಿಸ್ ಜಾತಿಯ ಹೆಣ್ಣುಗಳು ತಮ್ಮ ಹೊದಿಕೆಯ ಅಂಚನ್ನು ಕಣ್ಣು ಬಾಲಗಳ ಗುರುತುಳ್ಳ ಮರಿಮೀನಿನಂತೆ ನೀರಿನಲ್ಲಿ ಅಲುಗಿಸಿ ದೊಡ್ಡ ಮೀನನ್ನು ಮರುಳುಗೊಳಿಸುತ್ತವೆ. ಎಪಿಯೋಬ್ಲಾಸ್ಮ ಜಾತಿಯ ಕೆಲವು ಹೆಣ್ಣುಗಳು ಬಳಿಸಾರಿದ ಪುಟ್ಟ ಮೀನಿನ ತಲೆಯನ್ನು ಚಿಪ್ಪುಗಳ ನಡುವೆ ಹಿಡಿದಿಟ್ಟು, ಡಿಂಭಗಳನ್ನು ಅದರ ಕಿವಿರುಗಳೊಳಕ್ಕೆ ಊದಿ, ಅನಂತರ ಬಿಟ್ಟುಬಿಡುತ್ತವೆ. ನದಿಗೆ ಅಡ್ಡಗಟ್ಟೆ ಬಿದ್ದು ಮೀನಿನ ಸಂಚಾರ ನಿಂತರೆ, ಕಪ್ಪೆಚಿಪ್ಪು ತಾನಿದ್ದಲ್ಲಿಯೇ ಇದ್ದು, ಸಂತಾನವಿಲ್ಲದೆ ಮುದಿಯಾಗಿ ಸಾಯಬೇಕಾಗುತ್ತದೆ. ಅಂಥ ತಾಣದಲ್ಲಿ ಹತ್ತಾರು ವರ್ಷಗಳವರೆಗೆ ಜೀವಂತ ಪ್ರಾಣಿಗಳು ಕಾಣಸಿಗುವುದುಂಟು. ಎಳೆಯವು ಮಾತ್ರ ಇರುವುದಿಲ್ಲ.

ಮಸಲ್ ಶೋಲ್ಸ್ ಇಷ್ಟು ಸಮೃದ್ಧವಾಗಿದ್ದುದಕ್ಕೆ ಕಾರಣ ಅಲ್ಲಿಯ ನೆಲದಲ್ಲಿಯೇ ಇತ್ತು. ನದಿಯು ಸುಣ್ಣಕಲ್ಲಿನ ಹಾಸಿನ ಮೇಲೆ ಅಗಲವಾಗಿ ಹರಡಿ, ದ್ವೀಪಗಳ ನಡುವೆ ಕವಲೊಡೆದು, ನಲವತ್ತು ಮೈಲಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ 130 ಅಡಿಗಳಿಗೂ ಮಿಕ್ಕು ಕೆಳಗಿಳಿಯುತ್ತಿತ್ತು. ಆಳವಿಲ್ಲದ, ರಭಸವುಳ್ಳ, ಪ್ರಾಣವಾಯುವಿನಿಂದ ಸಮೃದ್ಧವಾದ ನೀರು. ಸುಣ್ಣಾಂಶಕ್ಕೆ ಕೊರತೆಯಿಲ್ಲದ ನೆಲ. ಬಂಡೆ, ಜಲ್ಲಿ, ಮರಳು, ಹೂಳು ಎಲ್ಲವೂ ಕೆಲವೇ ಗಜಗಳ ಅಂತರದಲ್ಲಿ ದೊರೆಯುವ ತಳ. ನಾನಾ ಬಗೆಯ ಮೀನು: ಇವೆಲ್ಲ ಒಂದೆಡೆ ಕೂಡಿದ್ದುವು. ಮೇಲ್ದಂಡೆಯ ಬೆಟ್ಟದ ತೊರೆಗಳ ಪ್ರಭೇದಗಳೂ ಕೆಳದಂಡೆಯ ದೊಡ್ಡ ನದಿಯ ಪ್ರಭೇದಗಳೂ ಇಲ್ಲಿ ಸಂಧಿಸುತ್ತಿದ್ದುವು.

ಈ ಪ್ರದೇಶದ ಚಿಪ್ಪುಗಳ ವೈಜ್ಞಾನಿಕ ಸಂಗ್ರಹವು ಒಹಾಯೋ ನದಿಯಲ್ಲಿ ಆರಂಭವಾಯಿತೆನ್ನಬಹುದು. 1818ರಲ್ಲಿ ಆ ನದಿಯಗುಂಟ ಸಂಚರಿಸಿದ ರಾಫಿನೆಸ್ಕ್ ಎಂಬ ಪ್ರತಿಭಾವಂತನೂ ಚಂಚಲಚಿತ್ತನೂ ಆದ ವಿದ್ವಾಂಸ, 1820ರಲ್ಲಿ ಬ್ರಸಲ್ಸ್ ನಗರದಲ್ಲಿ ಒಹಾಯೋ ನದಿಯ ದ್ವಿಕವಾಟಿಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿ ಅನೇಕ ಹೊಸ ಜಾತಿಗಳನ್ನೂ ಪ್ರಭೇದಗಳನ್ನೂ ಹೆಸರಿಸಿದನು. ಅವನ ವರ್ಣನೆಗಳು ಎಷ್ಟು ಸಂಕ್ಷಿಪ್ತವಾಗಿದ್ದುವೆಂದರೆ ಯಾವ ಹೆಸರು ಯಾವ ಪ್ರಾಣಿಗೆ ಸಲ್ಲತಕ್ಕದ್ದೆಂಬ ವಿವಾದ ಬಹುಕಾಲ ನಡೆಯಿತು. ಅವನ ತರುವಾಯ ಬಂದವರಲ್ಲಿ ಐಸಾಕ್ ಲೀ (1792-1886) ಅಗ್ರಗಣ್ಯ. ಫಿಲಡೆಲ್ಫಿಯದಲ್ಲಿ ಪುಸ್ತಕಪ್ರಕಾಶಕನಾಗಿದ್ದ ಈತ ತನ್ನ ವ್ಯಾಪಾರದ ನಡುವೆ, ಸುಮಾರು ಅರ್ಧ ಶತಮಾನದ ಕಾಲ, ದಕ್ಷಿಣದ ರಾಜ್ಯಗಳ ವೈದ್ಯರು, ಪಾದ್ರಿಗಳು, ತೋಟದ ಒಡೆಯರು ಕಳುಹಿಸುತ್ತಿದ್ದ ಚಿಪ್ಪುಗಳನ್ನು ಪರೀಕ್ಷಿಸಿ ನೂರಾರು ಪ್ರಭೇದಗಳನ್ನು ವರ್ಣಿಸಿದನು. ಒಂದೇ ಪ್ರಭೇದದ ಗಂಡು ಹೆಣ್ಣುಗಳಿಗೂ ಎಳೆಯ ಬೆಳೆದ ಚಿಪ್ಪುಗಳಿಗೂ ಬೇರೆ ಬೇರೆ ಹೆಸರುಗಳು ಬಿದ್ದುದು ಆ ಕಾಲದ ಸಾಮಾನ್ಯ ದೋಷ. ಲೀಯ ಹೆಸರುಗಳಲ್ಲಿ ಬಹಳಷ್ಟನ್ನು ಮುಂದಿನವರು ಕೈಬಿಡಬೇಕಾಯಿತು. ಆದರೆ ಅವನ ಸಂಗ್ರಹ ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿ ಸುರಕ್ಷಿತವಾಗಿ ಉಳಿದುದರಿಂದಲೇ ಆ ತಿದ್ದುಪಡಿ ಸಾಧ್ಯವಾಯಿತೆಂಬುದನ್ನು ಮರೆಯಲಾಗದು. ಮಾದರಿ ಉಳಿದಿದ್ದರೆ ತಪ್ಪು ತೀರ್ಮಾನವನ್ನು ಸರಿಪಡಿಸಬಹುದು. ಮಾದರಿ ಕಳೆದುಹೋದರೆ ಸರಿಯಾದ ತೀರ್ಮಾನವೂ ಬರಿಯ ಹೇಳಿಕೆಯಾಗಿಬಿಡುತ್ತದೆ. ಲೀಯ ಚಿಪ್ಪುಗಳ ನಡುವೆ ವರ್ಷಗಟ್ಟಲೆ ದುಡಿದ ಚಾರ್ಲ್ಸ್ ಟಾರಿ ಸಿಂಪ್ಸನ್ 1900ರಲ್ಲಿ ಪ್ರಪಂಚದ ಎಲ್ಲ ಸಿಹಿನೀರಿನ ಕಪ್ಪೆಚಿಪ್ಪುಗಳ ಸಾರಸಂಗ್ರಹವನ್ನೂ 1914ರಲ್ಲಿ ಅವುಗಳ ವಿಸ್ತೃತ ವಿವರಣಪಟ್ಟಿಯನ್ನೂ ಹೊರತಂದನು. ಈ ಎರಡನೆಯ ಗ್ರಂಥವನ್ನು ಪ್ರಕಟಿಸಿದವನು ಡೆಟ್ರಾಯಿಟ್ ನಗರದ ವಕೀಲ ಬ್ರಯಂಟ್ ವಾಕರ್. ಅವನ ಸ್ವಂತ ಸಂಗ್ರಹ ಮಿಷಿಗನ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯವನ್ನು ಸೇರಿತು.

ಸಂಗ್ರಹಕಾರ್ಯದ ವಿಧಾನಗಳು ಸರಳವಾದುವು. ಬೇಸಗೆಯ ಕೊನೆಯಲ್ಲಿ ನೀರು ಇಳಿದಾಗ ಮೊಣಕಾಲುದ್ದ ಹರಿವಿನಲ್ಲಿ ನಡೆಯುತ್ತ ಕೈಯಿಂದ ತಡವಿ ಎತ್ತುವುದು, ಗಾಜಿನ ತಳವುಳ್ಳ ಬಕೀಟಿನಿಂದ ನದಿಯ ತಳವನ್ನು ನೋಡುವುದು, ಮಸ್ಕ್‌ರ್ಯಾಟ್ ಎಂಬ ನೀರಿಲಿ ತಿಂದು ದಡದಲ್ಲಿ ರಾಶಿಹಾಕಿದ ಖಾಲಿ ಚಿಪ್ಪುಗಳನ್ನು ಆರಿಸುವುದು ಎಲ್ಲ ಕಾಲದಲ್ಲಿಯೂ ಇದ್ದ ಕ್ರಮ. ಆಳದ ನೀರಿನಲ್ಲಿ ಮೀನುಗಾರರು ನೂರಾರು ಕೊಕ್ಕೆಗಳನ್ನು ತೂಗಬಿಟ್ಟ ಉದ್ದನೆಯ ದಂಡವನ್ನು ದೋಣಿಯ ಹಿಂದೆ ಎಳೆದೊಯ್ಯುತ್ತಿದ್ದರು; ಬಾಯ್ದೆರೆದಿದ್ದ ಕಪ್ಪೆಚಿಪ್ಪು ಕೊಕ್ಕೆ ತಗುಲಿದೊಡನೆ ಬಿಗಿಯಾಗಿ ಮುಚ್ಚಿಕೊಂಡು, ತನ್ನ ಹಿಡಿತದಿಂದಲೇ ಮೇಲಕ್ಕೆ ಬರುತ್ತಿತ್ತು. ಜರ್ಮನಿಯಿಂದ ಬಂದ ಬೆಪಲ್ ಎಂಬ ಗುಂಡಿ ತಯಾರಕ 1891ರಲ್ಲಿ ಮಿಸಿಸಿಪಿ ತೀರದ ಮಸ್ಕಟೀನ್ ಪಟ್ಟಣದಲ್ಲಿ ಚಿಪ್ಪಿನಿಂದ ಅಂಗಿಗುಂಡಿಗಳನ್ನು ಕೊರೆಯಲು ತೊಡಗಿದ ಮೇಲೆ ಈ ದೋಣಿಗಳು ಸಾವಿರಾರಾದುವು. ಗುಂಡಿಯ ಉದ್ಯಮ ಕ್ಷೀಣಿಸಿದ ಅನಂತರ, 1950ರ ದಶಕದಿಂದ, ಜಪಾನಿನ ಮುತ್ತು ಕೃಷಿಗೆ ಬೇಕಾದ ದುಂಡನೆಯ ಬೀಜಮಣಿಗಳಿಗಾಗಿ ಟೆನೆಸೀ ನದಿಯ ದಪ್ಪ ಚಿಪ್ಪುಗಳು ಹಡಗೇರಿದುವು. ಗುಂಡಿಯವರ ರಾಶಿಗಳಿಂದ ವಿಜ್ಞಾನಿಗಳು ಅಪರೂಪದ ಮಾದರಿಗಳನ್ನು ಆಯ್ದುಕೊಂಡುದುಂಟು. ಆದರೆ ಅಂಥ ಚಿಪ್ಪು ನದಿಯ ಯಾವ ಎಡೆಯಿಂದ ಬಂದುದೆಂಬುದು ಅನೇಕ ವೇಳೆ ಖಚಿತವಾಗುತ್ತಿರಲಿಲ್ಲ.

ಸಂಗ್ರಹದ ನಿಜವಾದ ಬೆಲೆಯಿರುವುದು ಈ ಖಚಿತತೆಯಲ್ಲಿಯೇ. ಸುಂದರವಾದ ಚಿಪ್ಪೊಂದು ಸ್ಥಳನಿರ್ದೇಶವಿಲ್ಲದೆ ದೊರೆತರೆ ಅದು ಅಲಂಕಾರವಸ್ತು; ಅಂಚು ಮುರಿದ, ಬಣ್ಣಗೆಟ್ಟ ಚಿಪ್ಪಾದರೂ ಯಾವ ಹೊಳೆ, ಯಾವ ಕಡವು, ಯಾವ ವರ್ಷ, ತಂದವರಾರು ಎಂಬ ನಾಲ್ಕು ಸಂಗತಿಗಳು ಜೊತೆಗಿದ್ದರೆ ಅದು ಶಾಸ್ತ್ರಕ್ಕೆ ಆಧಾರ. ಹತ್ತೊಂಬತ್ತನೆಯ ಶತಮಾನದ ಚೀಟಿಗಳಲ್ಲಿ ಬಹುಮಟ್ಟಿಗೆ ಟೆನೆಸೀ ಎಂದು ಮಾತ್ರವೇ ಬರೆದಿರುವುದರಿಂದ ಅದು ನದಿಯೋ ರಾಜ್ಯವೋ ಎಂಬುದು ಕೂಡ ತಿಳಿಯದು. ಚಿಪ್ಪುಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಚೀಟಿಗಳು ಅದಲುಬದಲಾದುದೂ, ಚೆಲುವಾದ ಅಕ್ಷರದಲ್ಲಿ ನಕಲು ಮಾಡಿ ಮೂಲವನ್ನು ಎಸೆದುದೂ ಉಂಟು. ಈಗಿನ ಸಂಗ್ರಹಪಾಲಕರು ಹಳೆಯ ಚೀಟಿ ಎಷ್ಟೇ ಜೀರ್ಣವಾಗಿದ್ದರೂ ಅದನ್ನು ತೆಗೆಯದೆ ಹೊಸದನ್ನು ಅದರ ಮಗ್ಗುಲಲ್ಲಿರಿಸುತ್ತಾರೆ. ಚಿಪ್ಪಿನ ಒಳಮೈಯ ಮೇಲೆಯೇ ಅಳಿಸದ ಮಸಿಯಿಂದ ದಾಖಲೆಯ ಸಂಖ್ಯೆಯನ್ನು ಬರೆಯುತ್ತಾರೆ.

ಖಚಿತ ದಾಖಲೆಯ ಈ ವಿವೇಕವನ್ನು ಪೂರ್ಣವಾಗಿ ಆಚರಣೆಗೆ ತಂದವನು ಆರ್ನಲ್ಡ್ ಎಡ್ವರ್ಡ್ ಆರ್ಟ್‌ಮನ್ (1863-1927). ಪ್ರಷ್ಯದ ಮಾಗ್ಡೆಬರ್ಗಿನಲ್ಲಿ ಹುಟ್ಟಿ, ಯೇನಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರಜ್ಞ ಹೆಕೆಲನ ಶಿಷ್ಯನಾಗಿ ಕಲಿತು, 1894ರಲ್ಲಿ ಪ್ರಿನ್ಸ್‌ಟನ್ನಿಗೆ ಬಂದ ಈ ಜರ್ಮನ್ ವಿದ್ವಾಂಸ 1903ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗೀ ವಸ್ತುಸಂಗ್ರಹಾಲಯದ ಅಕಶೇರುಕ ವಿಭಾಗಕ್ಕೆ ಪಾಲಕನಾದನು. ಅವನಿಗಿಂತ ಮುಂಚಿನವರು ಹೆಚ್ಚಾಗಿ ಖಾಲಿ ಚಿಪ್ಪನ್ನು ನೋಡಿ ವರ್ಗೀಕರಿಸಿದರೆ, ಆರ್ಟ್‌ಮನ್ ಪ್ರಾಣಿಯ ಮೃದುದೇಹವನ್ನೂ ಮದ್ಯಸಾರದಲ್ಲಿ ಕಾಪಾಡಿದನು. ಡಿಂಭಗಳನ್ನು ನಾಲ್ಕು ಕಿವಿರುಪಟಲಗಳಲ್ಲಿಯೂ ಹೊರುವವು, ಹೊರಗಿನ ಎರಡರಲ್ಲಿ ಮಾತ್ರ ಹೊರುವವು, ಹೊರಗಿನವುಗಳ ಒಂದು ಭಾಗದಲ್ಲಿ ಮಾತ್ರ ಹೊರುವವು ಎಂಬ ಭೇದದ ಮೇಲೆ ಅವನು ಕಟ್ಟಿದ ವರ್ಗೀಕರಣ, ಬಹಳಷ್ಟು ಮಾರ್ಪಟ್ಟಿದ್ದರೂ, ಇಂದಿನ ಪದ್ಧತಿಗೆ ತಳಹದಿಯಾಗಿದೆ. ಅದಕ್ಕಿಂತಲೂ ನನಗೆ ಮಹತ್ತರವೆಂದು ತೋರುವುದು 1920ರಲ್ಲಿ ಅವನು ಪ್ರಕಟಿಸಿದ, ಚಿಪ್ಪಿನ ಆಕಾರಕ್ಕೂ ನದಿಯಲ್ಲಿ ಅದರ ನೆಲೆಗೂ ಇರುವ ಸಂಬಂಧದ ವಿವೇಚನೆ. ಮೇಲ್ದಂಡೆಯ ಸಣ್ಣ ತೊರೆಗಳಲ್ಲಿ ಚಪ್ಪಟೆಯಾಗಿರುವ ಚಿಪ್ಪು, ಅದೇ ನದಿಯಲ್ಲಿ ಕೆಳಕ್ಕಿಳಿದಂತೆಲ್ಲ ಕ್ರಮಕ್ರಮವಾಗಿ ಉಬ್ಬುತ್ತ ಹೋಗುತ್ತದೆಂದೂ, ಎರಡು ಕೊನೆಗಳ ರೂಪಗಳನ್ನು ಎರಡು ಪ್ರಭೇದಗಳೆಂದು ಹಿಂದಿನವರು ಎಣಿಸಿದ್ದುದು ಸಲ್ಲದೆಂದೂ ಅವನು ತೋರಿಸಿದನು. ಒಂದೇ ನದಿಯ ಹಲವು ತಾಣಗಳಿಂದ ಸ್ಥಳವನ್ನು ನಿಖರವಾಗಿ ಗುರುತಿಸಿ ತಂದ ಮಾದರಿಗಳ ಸಾಲು ಕಣ್ಣ ಮುಂದಿಲ್ಲದಿದ್ದರೆ ಈ ಸತ್ಯ ಹೊಳೆಯುವ ಸಂಭವವೇ ಇರಲಿಲ್ಲ.

ನದಿಗಳ ಕೇಡನ್ನು ಬಹು ಮುಂಚೆಯೇ ಕಂಡು ಹೇಳಿದವರಲ್ಲಿಯೂ ಆರ್ಟ್‌ಮನ್ ಒಬ್ಬ. 1909ರಲ್ಲಿಯೇ ಅವನು ಪಶ್ಚಿಮ ಪೆನ್ಸಿಲ್ವೇನಿಯದ ಹೊಳೆಗಳು ಕಲ್ಲಿದ್ದಲು ಗಣಿಗಳ ಆಮ್ಲದಿಂದಲೂ ಎಣ್ಣೆಯ ಕೊಳೆಯಿಂದಲೂ ನಿರ್ಜೀವವಾಗುತ್ತಿರುವುದನ್ನು ಹೆಸರು ಹೆಸರಾಗಿ ವರದಿ ಮಾಡಿದ್ದನು. ಬಳಿಕ ಟೆನೆಸೀ ನದಿಯ ಮೇಲ್ಭಾಗದ ಕಪ್ಪೆಚಿಪ್ಪುಗಳನ್ನು 1918ರಲ್ಲಿಯೂ ಕೆಳಭಾಗದವನ್ನು 1925ರಲ್ಲಿಯೂ ವಿಸ್ತಾರವಾಗಿ ವಿವರಿಸಿದನು. ಇವೆರಡರ ನಡುವೆಯೇ ಮಸಲ್ ಶೋಲ್ಸಿನ ವಿಧಿ ನಿಶ್ಚಿತವಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡುಗಳಿಗೆ ಬೇಕಾದ ನೈಟ್ರೇಟಿನ ಕಾರ್ಖಾನೆಗಳಿಗೆ ವಿದ್ಯುತ್ತನ್ನೊದಗಿಸಲೆಂದು 1918ರಲ್ಲಿ ಆರಂಭವಾದ ವಿಲ್ಸನ್ ಅಣೆಕಟ್ಟು, ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ, 1924ರಲ್ಲಿ ಪೂರ್ಣವಾಯಿತು. ಆ ವರ್ಷವೇ ಆರ್ಟ್‌ಮನ್ 'ಸೈನ್ಸ್' ಪತ್ರಿಕೆಯಲ್ಲಿ ಈ ತಾಣದ ಅಸಾಧಾರಣ ಪ್ರಾಣಿಸಂಪತ್ತನ್ನೂ ಅದಕ್ಕೊದಗಿದ ವಿಪತ್ತನ್ನೂ ಕುರಿತು ಬರೆದನು. 1933ರಲ್ಲಿ ಸ್ಥಾಪಿತವಾದ ಟೆನೆಸೀ ಕಣಿವೆ ಪ್ರಾಧಿಕಾರವು 1936ರಲ್ಲಿ ವ್ಹೀಲರ್ ಅಣೆಕಟ್ಟನ್ನು ಮೇಲ್ಗಡೆಯೂ 1938ರಲ್ಲಿ ಪಿಕ್‌ವಿಕ್ ಅಣೆಕಟ್ಟನ್ನು ಕೆಳಗಡೆಯೂ ಮುಗಿಸಿದಾಗ, ಭೋರ್ಗರೆಯುತ್ತಿದ್ದ ನದೀಭಾಗ ನಿಂತ ನೀರಿನ ಸರಪಳಿಯಾಯಿತು. ಜಲ್ಲಿಯ ಮೇಲೆ ಹೂಳು ಕುಳಿತಿತು. ರಭಸದ ನೀರನ್ನೇ ನೆಚ್ಚಿದ್ದ ಎಪಿಯೋಬ್ಲಾಸ್ಮ ಜಾತಿಯ ಪ್ರಭೇದಗಳು ಒಂದರ ಹಿಂದೊಂದು ಕಣ್ಮರೆಯಾದುವು. ಕಣಿವೆಯ ಬಡ ಜನರಿಗೆ ಈ ಅಣೆಕಟ್ಟುಗಳು ತಂದ ಬೆಳಕನ್ನೂ ಪ್ರವಾಹದಿಂದ ದೊರೆತ ರಕ್ಷಣೆಯನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಅವುಗಳ ಲೆಕ್ಕಪತ್ರದಲ್ಲಿ ಈ ನಷ್ಟಕ್ಕೆ ಆಗ ಒಂದು ಅಂಕಣವೂ ಇರಲಿಲ್ಲವೆಂಬುದು ವಿಷಾದದ ಸಂಗತಿ.

ಅಲಬಾಮದ ಇನ್ನೊಂದು ನದಿಯಾದ ಕೂಸಾದಲ್ಲಿಯೂ ಆರ್ಟ್‌ಮನ್ ಮಾಡಿದಂಥ ಸಂಗ್ರಹದ ಪ್ರಯತ್ನ ನಡೆದಿತ್ತು. ಬ್ರೆಜಿಲ್ ದೇಶದ ಕಾಡುಗಳಲ್ಲಿ ಸಂಗ್ರಾಹಕನಾಗಿ ಹೆಸರಾಗಿದ್ದ ಹರ್ಬರ್ಟ್ ಹಂಟಿಂಗ್‌ಟನ್ ಸ್ಮಿತ್ ಅಲಬಾಮದ ಪ್ರಕೃತಿ ವಸ್ತುಸಂಗ್ರಹಾಲಯದ ಪಾಲಕನಾಗಿ, ವಾಕರ್ ಮೊದಲಾದ ಚಿಪ್ಪುಪ್ರಿಯರ ಧನಸಹಾಯದಿಂದ, ಪತ್ನಿ ಡೇಸಿಯೊಡಗೂಡಿ ಆ ನದಿಯ ಬಸವನಹುಳುಗಳನ್ನೂ ಕಪ್ಪೆಚಿಪ್ಪುಗಳನ್ನೂ ಅಪಾರವಾಗಿ ಶೇಖರಿಸಿದನು. ಕಿವಿ ಕೇಳದಾಗಿದ್ದ ಅವನು 1919ರಲ್ಲಿ ರೈಲುಬಂಡಿಯ ಆಘಾತದಿಂದ ಮೃತನಾದನು. ಕೂಸಾದ ಅಣೆಕಟ್ಟುಗಳಿಂದ ಅಳಿದ ಅನೇಕ ಬಸವನಹುಳುಗಳ ವಿಷಯದಲ್ಲಿ ಅವನ ಮಾದರಿಗಳೇ ಈಗ ಮುಖ್ಯ ಆಧಾರ.

ಶೋಲ್ಸಿನ ಪ್ರಾಣಿಸಮೂಹಕ್ಕೆ ಇನ್ನೊಂದು, ಬಹು ಹಳೆಯ, ಸಂಗ್ರಹವೂ ಇದೆ; ಅದನ್ನು ಕೂಡಿಸಿದವರು ವಿಜ್ಞಾನಿಗಳಲ್ಲ. ಸಾವಿರಾರು ವರ್ಷಗಳ ಕಾಲ ಆ ತೀರದಲ್ಲಿ ನೆಲೆಸಿದ್ದ ಮೂಲನಿವಾಸಿಗಳು ಕಪ್ಪೆಚಿಪ್ಪುಗಳನ್ನು ಆಹಾರವಾಗಿ ಬಳಸಿ ಎಸೆದ ಚಿಪ್ಪುಗಳು ದಿಬ್ಬಗಳಾಗಿ ಬೆಳೆದಿದ್ದುವು. ಪಿಕ್‌ವಿಕ್ ಜಲಾಶಯದ ನೀರು ಏರುವ ಮೊದಲು ಈ ದಿಬ್ಬಗಳನ್ನು ತರಾತುರಿಯಿಂದ ಅಗೆದು ಪರೀಕ್ಷಿಸಲಾಯಿತು. ಅವುಗಳಲ್ಲಿ ದೊರೆತ ಮೃದ್ವಂಗಿಗಳ ವರದಿಯನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಾರಿಸನ್ 1942ರಲ್ಲಿ ಪ್ರಕಟಿಸಿದನು. ಗುಂಡಿಯ ಉದ್ಯಮ, ಗಣಿ, ಅಣೆಕಟ್ಟು ಯಾವುದೂ ಇಲ್ಲದ ಕಾಲದಲ್ಲಿ ಯಾವ ಪ್ರಭೇದಗಳು ವಿಪುಲವಾಗಿದ್ದುವು, ಯಾವುವು ಆಗಲೂ ವಿರಳವಾಗಿದ್ದುವು ಎಂಬುದನ್ನು ಊಹಿಸಲು ಈ ದಿಬ್ಬಗಳ ಚಿಪ್ಪುಗಳು ದಾರಿಯಾಗಿವೆ. 1964ರಲ್ಲಿ ಡೇವಿಡ್ ಸ್ಟಾನ್ಸ್‌ಬರಿ ಮಸಲ್ ಶೋಲ್ಸನ್ನು ಮತ್ತೆ ಪರಿಶೀಲಿಸಿದಾಗ ಆರ್ಟ್‌ಮನ್ನನ ಪಟ್ಟಿಯ ಬಹಳಷ್ಟು ಹೆಸರುಗಳು ನದಿಯಲ್ಲಿ ದೊರೆಯಲಿಲ್ಲ. ಸ್ಟಾನ್ಸ್‌ಬರಿಯ ಪರಿಶ್ರಮದಿಂದ ಕೊಲಂಬಸ್ಸಿನ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಸಂಗ್ರಹ ಪ್ರಪಂಚದ ಅತ್ಯಂತ ದೊಡ್ಡ ಕಪ್ಪೆಚಿಪ್ಪು ಸಂಗ್ರಹಗಳಲ್ಲಿ ಒಂದಾಗಿದೆ.

ಚಿಪ್ಪು ಕಲ್ಲಿನಷ್ಟು ಗಟ್ಟಿಯಾಗಿ ಕಂಡರೂ ಅದನ್ನು ಕಾಪಾಡುವುದು ಸುಲಭವಲ್ಲ. ಒಣಹವೆಯಲ್ಲಿ ಹೊರಪೊರೆ ಬಿರಿದು ಸುಲಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಬೈನ್ ರೋಗವೆಂಬ ವಿಕಾರ. 1899ರಲ್ಲಿ ಇದನ್ನು ವಿವರಿಸಿದ ಇಂಗ್ಲಿಷ್ ಸಂಗ್ರಾಹಕನ ಹೆಸರೇ ಅದಕ್ಕೆ ಬಂದಿದೆ. ಚಿಪ್ಪಿನ ಮೇಲೆ ಬಿಳಿಯ ಬೂಷ್ಟಿನಂಥ ಹುಡಿ ಎದ್ದು, ಮೈ ಸವೆದು, ಕೊನೆಗೆ ಗುರುತೇ ಅಳಿದುಹೋಗುತ್ತದೆ. ಬಹುಕಾಲ ಇದನ್ನು ರೋಗವೆಂದೇ ತಿಳಿದಿದ್ದರೂ ನಿಜವಾದ ಕಾರಣ ಸೆಳೆಪೆಟ್ಟಿಗೆಯ ಮರ. ಓಕ್ ಮೊದಲಾದ ಮರಗಳಿಂದಲೂ ಅಗ್ಗದ ರಟ್ಟು ಅಂಟುಗಳಿಂದಲೂ ಹೊಮ್ಮುವ ಅಸಿಟಿಕ್ ಆಮ್ಲದ ಆವಿ ತೇವದೊಡನೆ ಸೇರಿ ಚಿಪ್ಪಿನ ಸುಣ್ಣವನ್ನು ಲವಣವಾಗಿ ಮಾರ್ಪಡಿಸುತ್ತದೆ. ಆದುದರಿಂದಲೇ ಈಗಿನ ಸಂಗ್ರಹಾಲಯಗಳು ಬಣ್ಣ ಬಳಿದ ಉಕ್ಕಿನ ಕಪಾಟುಗಳನ್ನೂ ಆಮ್ಲರಹಿತ ಕಾಗದವನ್ನೂ ಬಳಸುತ್ತವೆ.

ಹೀಗೆ ಉಳಿದ ಮಾದರಿಗಳು ಸಂಗ್ರಾಹಕರು ಎಣಿಸದ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿವೆ. ಚಿಪ್ಪನ್ನು ಸೀಳಿ ಅದರ ವಾರ್ಷಿಕ ಬೆಳವಣಿಗೆಯ ಗೆರೆಗಳನ್ನು ಅಳೆದರೆ ಆ ನದಿಯ ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಗೋಚರಿಸುತ್ತವೆ. ಪದರಗಳಲ್ಲಿ ಸೇರಿದ ಲೋಹಾಂಶದಿಂದ ನೀರಿನ ಮಾಲಿನ್ಯವನ್ನೂ ಆಮ್ಲಜನಕದ ಸಮಸ್ಥಾನಿಗಳಿಂದ ನೀರಿನ ಉಷ್ಣತೆಯನ್ನೂ ತರ್ಕಿಸಬಹುದು. ಮದ್ಯಸಾರದಲ್ಲಿಟ್ಟ ಹೆಣ್ಣುಗಳ ಕಿವಿರುಗಳಲ್ಲಿ ಡಿಂಭಗಳು ಯಾವ ತಿಂಗಳಲ್ಲಿ ಮಾಗುತ್ತಿದ್ದುವೆಂಬುದು ತಿಳಿಯುತ್ತದೆ. ಒಣಗಿದ ಹಳೆಯ ಚಿಪ್ಪುಗಳಿಂದ ಸಹ ಡಿ.ಎನ್.ಎ. ತುಣುಕುಗಳನ್ನು ಬೇರ್ಪಡಿಸುವ ವಿಧಾನಗಳು ಇತ್ತೀಚೆಗೆ ಬೆಳೆದಿವೆ.

ಕನ್ನಡ ನಾಡಿನ ನದಿಯೊಂದರ ಮಾದರಿಯೂ ಈ ಶಾಸ್ತ್ರದಲ್ಲಿ ಗಣ್ಯವಾದ ಸ್ಥಾನವನ್ನು ಪಡೆದಿದೆ. ಆಗಿನ ಮೈಸೂರು ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಹರಿಯುವ ಭದ್ರಾ ನದಿಯ ಬಂಡೆಗಳಿಗೆ ಬೆಸೆದುಕೊಂಡಿದ್ದ ವಿಚಿತ್ರವಾದೊಂದು ದ್ವಿಕವಾಟಿಯನ್ನು ಡಾಲಿ ಎಂಬವನು ಲಂಡನ್ನಿಗೆ ಕಳುಹಿಸಲಾಗಿ, ಬ್ರಿಟಿಷ್ ವಸ್ತುಸಂಗ್ರಹಾಲಯದ ಎಡ್ಗರ್ ಆಲ್ಬರ್ಟ್ ಸ್ಮಿತ್ 1898ರಲ್ಲಿ ಅದಕ್ಕೆ ಮುಲ್ಲೇರಿಯ ಡಾಲಿಯೈ ಎಂದು ಹೆಸರಿಟ್ಟನು. ಮುಲ್ಲೇರಿಯವೆಂಬುದು ಅದುವರೆಗೆ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ ಮಾತ್ರ ಕಂಡಿದ್ದ, ಸಿಂಪಿಯಂತೆ ಒಂದು ಚಿಪ್ಪಿನಿಂದ ಬಂಡೆಗೆ ಅಂಟಿಕೊಳ್ಳುವ ಜಾತಿ. ಚಿಪ್ಪಿನ ರೂಪವೊಂದನ್ನೇ ನಂಬಿದರೆ ಎರಡೂ ಒಂದೇ. ಚೀಟಿಯಲ್ಲಿದ್ದ ಊರುಗಳ ಹೆಸರು ಮಾತ್ರ ಅವುಗಳ ನಡುವಿನ ಮಹಾಸಾಗರವನ್ನು ನೆನಪಿಸುತ್ತ ಶಾಸ್ತ್ರಜ್ಞರನ್ನು ಕಾಡುತ್ತಿದ್ದುವು. ಅದೇ ವರ್ಷ ಮಾರ್ಟಿನ್ ವುಡ್‌ವರ್ಡ್ ಅದರ ಮೃದುದೇಹವನ್ನು ಪರೀಕ್ಷಿಸಿದನು. 1907ರಲ್ಲಿ ಆಂಟನಿ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಸೂಡೊಮುಲ್ಲೇರಿಯ ಎಂಬ ಬೇರೆ ಜಾತಿಯಾಗಿ ವಿಂಗಡಿಸಿದನು. 2000ದಲ್ಲಿ ಬೋಗನ್ ಮತ್ತು ಹೋ ಡಿ.ಎನ್.ಎ. ಸಾಕ್ಷ್ಯದಿಂದ, ಅದು ಕೊಲಂಬಿಯದ ಪ್ರಾಣಿಯ ನಂಟನಲ್ಲ, ಸಾಮಾನ್ಯ ಕಪ್ಪೆಚಿಪ್ಪುಗಳ ಯೂನಿಯನಿಡೀ ಕುಟುಂಬಕ್ಕೇ ಸೇರಿದುದು, ಬಂಡೆಗೆ ಬೆಸೆದುಕೊಳ್ಳುವ ಪದ್ಧತಿ ಬೇರೆ ಬೇರೆ ವಂಶಗಳಲ್ಲಿ ಸ್ವತಂತ್ರವಾಗಿ ಹುಟ್ಟಿತು ಎಂದು ನಿರೂಪಿಸಿದರು. ಲಕ್ಕವಳ್ಳಿಯಲ್ಲಿ ಆ ನದಿಗೂ ಅಣೆಕಟ್ಟು ಬಂದಿದೆ. ಪಶ್ಚಿಮಘಟ್ಟದ ಹೊಳೆಗಳ ರಭಸದ ನೀರಿನಲ್ಲಿ ಮಾತ್ರ ಬಾಳುವ ಈ ಪ್ರಾಣಿ ಇಂದು ಅಪಾಯಕ್ಕೊಳಗಾದ ಪ್ರಭೇದಗಳ ಪಟ್ಟಿಯಲ್ಲಿದೆ.

ಅಮೆರಿಕದಲ್ಲಿ 1973ರ ವಿನಾಶೋನ್ಮುಖ ಪ್ರಭೇದಗಳ ಕಾಯಿದೆಯ ಅನಂತರ ಅನೇಕ ಕಪ್ಪೆಚಿಪ್ಪುಗಳಿಗೆ ಕಾನೂನಿನ ರಕ್ಷಣೆ ದೊರೆಯಿತು. ಕೆಲವಕ್ಕೆ ಅದು ಬಹಳ ತಡವಾಗಿತ್ತು. 2023ರಲ್ಲಿ ಅಲ್ಲಿಯ ಸರಕಾರವು ಅಳಿದುಹೋದುವೆಂದು ಪಟ್ಟಿಯಿಂದ ತೆಗೆದ 21 ಪ್ರಭೇದಗಳಲ್ಲಿ ಎಂಟು ಸಿಹಿನೀರಿನ ಕಪ್ಪೆಚಿಪ್ಪುಗಳಾಗಿದ್ದು, ಅವುಗಳಲ್ಲಿ ಆರು ಎಪಿಯೋಬ್ಲಾಸ್ಮ ಜಾತಿಯವು. ಮಸಲ್ ಶೋಲ್ಸಿನಲ್ಲಿ ಎಲ್ಲವೂ ಮುಗಿದಿದೆಯೆಂದಲ್ಲ. ವಿಲ್ಸನ್ ಅಣೆಕಟ್ಟಿನ ಕೆಳಗೆ ಇನ್ನೂ ಹರಿಯುವ ಕೆಲವು ಮೈಲಿಗಳಷ್ಟು ನೀರಿನಲ್ಲಿ ಗಟ್ಟಿಜೀವದ ಹಲವು ಪ್ರಭೇದಗಳು ಉಳಿದುಕೊಂಡಿವೆ. ಅಲ್ಲಿಗೆ 16 ಕಪ್ಪೆಚಿಪ್ಪುಗಳನ್ನೂ ಒಂದು ಬಸವನಹುಳುವನ್ನೂ ಪ್ರಯೋಗಾರ್ಥವಾಗಿ ಮರಳಿ ನೆಲೆಗೊಳಿಸಲು 2001ರಲ್ಲಿ ಅನುಮತಿ ದೊರೆಯಿತು. ಯಾವ ಪ್ರಭೇದ ಆ ತಾಣದ್ದು, ಯಾವುದು ಅಲ್ಲ ಎಂಬ ನಿರ್ಣಯಕ್ಕೆ ಹಿಂಕ್ಲಿ ಎಂಬ ಸಂಗ್ರಾಹಕ, ಆರ್ಟ್‌ಮನ್ ಮೊದಲಾದವರ ಮಾದರಿಗಳೂ ದಿಬ್ಬಗಳ ಚಿಪ್ಪುಗಳೂ ಆಧಾರವಾಗಿವೆ. ಈಗಿನ ಸಂಗ್ರಹಕ್ರಮವೂ ಬದಲಾಗಿದೆ. ಅನುಮತಿಪತ್ರವಿಲ್ಲದೆ ರಕ್ಷಿತ ಪ್ರಭೇದದ ಖಾಲಿ ಚಿಪ್ಪನ್ನು ಸಹ ಎತ್ತುವಂತಿಲ್ಲ. ಸತ್ತ ಚಿಪ್ಪುಗಳನ್ನು ಸಂಗ್ರಹಾಲಯಕ್ಕೆ ಸೇರಿಸಿ, ಜೀವಂತವಾದುದನ್ನು ಅಳೆದು, ಚಿತ್ರ ತೆಗೆದು, ಹೊದಿಕೆಯ ಅಂಚಿನಿಂದ ಒಂದು ಚಿಕ್ಕ ಚೂರನ್ನು ಕತ್ತರಿಸಿ ಶೀಶೆಯಲ್ಲಿ ಇಟ್ಟುಕೊಂಡು, ಪ್ರಾಣಿಯನ್ನು ತೆಗೆದ ಜಾಗದಲ್ಲಿಯೇ ಜಲ್ಲಿಯೊಳಗೆ ಮತ್ತೆ ನೆಟ್ಟುಬರುತ್ತಾರೆ.